ರೇಷ್ಮೆ ಮನೆಯ ಶತ್ರು

ನಾನೊಂದು ಹಲ್ಲಿ. ಮೂಗು ಮುರಿಯಬೇಡಿ, ನಿಮ್ಮ ಟ್ಯೂಬ್‌ಲೈಟಿನ ಹಿಂದೆ ಲೊಚಗುಟ್ಟುವ ಜಾತಿ ನನ್ನದಲ್ಲ. ಮೈತುಂಬ ಚಿರತೆಯ ಚುಕ್ಕೆ, ಕಣ್ಣಿಗೆ ರೆಪ್ಪೆ, ದಪ್ಪ ಬಾಲ. ಅಂಗಡಿಯವರು ಗೆಕೊ ಎನ್ನುತ್ತಾರೆ. ಬೆಂಗಳೂರಿನ ಒಂದು ಅಂಗಡಿಯ ಹಿಂಬದಿಯಲ್ಲಿ, ಬಲ್ಬಿನ ಶಾಖಕ್ಕೆ ಮೊಟ್ಟೆಯೊಡೆದು ಹೊರಬಂದೆ. ತಾಯಿಯ ಮುಖ ನೋಡಿದವನಲ್ಲ. ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಮನುಷ್ಯನ ಹೆಬ್ಬೆರಳು. ಅಂದಿನಿಂದ ನಿಮ್ಮ ಕುಲವೆಂದರೆ ನನಗಾಗದು.

ನನ್ನನ್ನು ಕೊಂಡವನು ಶಿಡ್ಲಘಟ್ಟದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸುಮುಖ. ಮದುವೆಗೆ ಮುಂಚೆ ಫೋಟೋ ತೆಗೆಸಲು ಬರುವ ಜೋಡಿಗಳ ಭುಜದ ಮೇಲೆ ನನ್ನನ್ನು ಕೂರಿಸುತ್ತಿದ್ದ. ಹುಡುಗಿ ಕಿರುಚಬೇಕು, ಹುಡುಗ ನಗಬೇಕು. ಕತ್ತಲೆಯ ಜೀವಿಯಾದ ನಾನು ಸ್ಟುಡಿಯೋ ದೀಪಗಳಿಗೆ ಕಣ್ಣು ಮುಚ್ಚಿಕೊಂಡರೆ, ಬಾಲ ಚಿವುಟಿ ತೆರೆಸುತ್ತಿದ್ದ. ಎರಡು ತಿಂಗಳಲ್ಲಿ ಹುಚ್ಚು ಇಳಿಯಿತು. ನನ್ನ ಪೆಟ್ಟಿಗೆ ಅವನ ಮನೆಯ ಕಪಾಟಿನ ಮೇಲೇರಿತು.

ಅಲ್ಲಿ ಅವನ ತಾಯಿ ವೈಜಯಂತಮ್ಮನವರ ಆಳ್ವಿಕೆ.

“ಹುಳ ಗಿಳ ಒಳಗೆ ತಂದ್ಯೋ, ನಿನ್ನನ್ನೂ ಅದರ ಜೊತೆ ಆಚೆ ಹಾಕ್ತೀನಿ. ನಾವು ತಿನ್ನೋದನ್ನೇ ಅದೂ ತಿನ್ಲಿ,” ಎಂದರು.

ಹೀಗೆ ಹುಳ ತಿನ್ನುವ ನಾನು ಮೊಸರನ್ನದ ಪಾಲಾದೆ. ಏಕಾದಶಿಯಂದು ಅದೂ ಇಲ್ಲ. ದಾರಿ ತಪ್ಪಿ ಬಂದ ಜಿರಳೆ ಮರಿಗಳಿಂದ ಜೀವ ಹಿಡಿದುಕೊಂಡೆ. ಬರಬರುತ್ತ ಕಾಲು ಸೊಟ್ಟಗಾಯಿತು. ಕಳಚದೆ ಉಳಿದ ಪೊರೆ ದಾರದಂತೆ ಬಿಗಿದು ಮೂರು ಬೆರಳು ಉದುರಿಹೋದವು. ದವಡೆ ನೆನೆಸಿದ ಅವಲಕ್ಕಿಯಂತಾಯಿತು. ಕಚ್ಚಬೇಕೆಂಬ ಆಸೆ ಬೆಟ್ಟದಷ್ಟಿತ್ತು, ಕಚ್ಚಲು ಬಾಯಿ ಇರಲಿಲ್ಲ.

ಕೊನೆಗೆ ಸುಮುಖ ನನ್ನನ್ನು ದನದ ಆಸ್ಪತ್ರೆಗೆ ಒಯ್ದ. ಡಾಕ್ಟರು ನೋಡಿ, “ಮೂಳೆಯೆಲ್ಲ ಮೆತ್ತಗಾಗಿದೆ. ಕ್ಯಾಲ್ಸಿಯಂ ಪುಡಿ ಹಚ್ಚಿ ರೇಷ್ಮೆ ಹುಳ ತಿನ್ನಿಸಿ. ಇಲ್ದಿದ್ರೆ ತಿಂಗಳೂ ಬದುಕಲ್ಲ,” ಎಂದರು. ಫೋನ್ ಬಂತೆಂದು ಸುಮುಖ ಹೊರಗೆ ಹೋದ. ಹೋದವನು ಹೋದನೇ.

ಪಕ್ಕದ ಬೆಂಚಿನಲ್ಲಿ ಆಡು ಹಿಡಿದು ಕೂತಿದ್ದ ಮುನಿರತ್ನಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಮನೆಯಲ್ಲಿ ರೇಷ್ಮೆ ಹುಳ ಸಾಕುವವಳು. ಅಂಥವರಿಗೆ ಹಲ್ಲಿಯೆಂದರೆ ಕಳ್ಳನಿಗಿಂತ ಕಡೆ, ಕಂಡಲ್ಲಿ ಪೊರಕೆಯೇಟು. ಆಸ್ಪತ್ರೆ ಬಾಗಿಲು ಹಾಕುವ ತನಕ ಕಾದು, ಅವಳು ನನ್ನ ಪೆಟ್ಟಿಗೆ ಎತ್ತಿಕೊಂಡಳು.

“ಥೂ ಶನಿ! ನಮ್ಮ ಹುಳ ತಿನ್ನೋ ಜಾತಿ. ಕಾಲು ಮುರ್ಕೊಂಡು ಬಿದ್ದಿರೋದನ್ನ ಹೊಡೆಯೋಕೂ ಕೈ ಬರಲ್ವಲ್ಲ!”

ಮನೆಯಲ್ಲಿ ಗಂಡ ದ್ಯಾವಪ್ಪ ಹಾರಿಬಿದ್ದ. “ಹುಳದ ಮನೇಗೆ ಹಲ್ಲಿ ತಂದಿದ್ದೀಯಲ್ಲೇ, ನಿಂಗೇನು ದೆವ್ವ ಹಿಡಿದೈತಾ?”

“ಮುಚ್ಚಳ ಐತೆ, ಅಡುಗೆ ಮನೇಲಿರ್ತದೆ. ಸತ್ತರೆ ನಾನೇ ಹೂಳ್ತೀನಿ, ಸುಮ್ನಿರು.”

ಅವಳ ಮೊದಲ ಉಪಕಾರವೇ ನನ್ನನ್ನು ಕೊಲ್ಲುವುದರಲ್ಲಿತ್ತು. ಪುಡಿ ತರಲು ಪೇಟೆಗೆ ಯಾಕೆ ಹೋಗಬೇಕು, ಹುಳದ ತಟ್ಟೆಗೆ ಉದುರಿಸುವ ಸುಣ್ಣ ಮನೆಯಲ್ಲೇ ಇದೆ, ಗೋಡೆಯನ್ನೇ ಗಟ್ಟಿ ಮಾಡುವ ಸುಣ್ಣ ಮೂಳೆ ಗಟ್ಟಿ ಮಾಡದೇ ಎಂದು ಲೆಕ್ಕ ಹಾಕಿದಳು. ಸುಣ್ಣ ಮೆತ್ತಿದ ಹುಳ ಬಾಯಿಗಿಟ್ಟಳು. ನಾಲಿಗೆ ಸುಟ್ಟು ಬೊಬ್ಬೆ ಎದ್ದಿತು. ಡಾಕ್ಟರು ಬೈದು ಸರಿಯಾದ ಪುಡಿ ಕೊಟ್ಟರು. ಅವಳು ಹಣೆ ಹಣೆ ಚಚ್ಚಿಕೊಂಡಳು. ನನಗೇನೂ ಕರುಣೆ ಬರಲಿಲ್ಲ.

ಆಮೇಲೆ ದಿನವೂ, ಮರಿಹುಳಗಳನ್ನು ಸವರುವ ಕೋಳಿ ಪುಕ್ಕದಿಂದಲೇ ನನ್ನ ನಾಲಿಗೆಗೆ ನೀರು ಹನಿಸಿದಳು. ಹುಳವನ್ನು ಚೂರು ಮಾಡಿ ತಿನ್ನಿಸಿದಳು. ತಿನ್ನಿಸುವಾಗೆಲ್ಲ, “ತಿನ್ನು, ಹಾಳಾದವನೇ, ನನ್ನ ಮಕ್ಕಳನ್ನ ತಿನ್ನು,” ಎಂದು ಶಪಿಸುತ್ತಿದ್ದಳು. ಹುಳ ಪೊರೆ ಕಳಚುವುದಕ್ಕೆ ರೇಷ್ಮೆ ಸಾಕುವವರು ಜ್ವರ ಎನ್ನುತ್ತಾರೆ. ನನ್ನ ಕಾಲು ನೋಡಿ, “ಇದಕ್ಕೆ ಜ್ವರ ಸರಿಯಾಗಿ ಬಿಟ್ಟೇ ಇಲ್ಲ,” ಎಂದು ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿ, ಹಳೆಯ ಪೊರೆಯನ್ನು ಎಳೆಯೆಳೆಯಾಗಿ ಬಿಡಿಸಿದಳು. ಉಳಿದ ಬೆರಳುಗಳು ಉಳಿದವು.

ನಾಲ್ಕನೆಯ ತಿಂಗಳು ಒಂದು ಸಂಜೆ, ಹುಳದ ಮನೆಯ ಗೋಡೆಯಿಂದ ಒಂದು ಬಡ ಹಲ್ಲಿ ಅಡುಗೆ ಮನೆಗೆ ಓಡಿಬಂತು. ಮುನಿರತ್ನಮ್ಮ ಪೊರಕೆ ತೆಗೆದುಕೊಂಡು ಒಂದೇ ಏಟಿಗೆ ಅದನ್ನು ಮುಗಿಸಿದಳು. ನನ್ನ ಕಣ್ಣೆದುರಿಗೇ. ಆಮೇಲೆ ಕೈ ತೊಳೆದು, ಅದೇ ಕೈಯಲ್ಲಿ ಹುಳ ಹಿಡಿದು ನನ್ನ ಹತ್ತಿರ ಬಂದಳು.

ಹುಟ್ಟಿದಂದಿನಿಂದ ಕೂಡಿಟ್ಟ ಸಿಟ್ಟೆಲ್ಲ ಒಟ್ಟಾಗಿ ಬಂತು. ಹುಳ ಬಿಟ್ಟು ಬೆರಳನ್ನೇ ಕಚ್ಚಿ ಹಿಡಿದೆ. ಬಿಡಲಿಲ್ಲ. ರಕ್ತ ಒಸರಿತು. ಪೊರಕೆ ಅವಳ ಕಾಲ ಬಳಿಯೇ ಬಿದ್ದಿತ್ತು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

“ಏ ಇವನೇ, ಬಾ ಇಲ್ಲಿ!” ಎಂದು ಅವಳು ಗಂಡನನ್ನು ಕೂಗಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಕಚ್ತು ಕಣೋ! ರಕ್ತ ಬರೋ ಹಂಗೆ ಕಚ್ತು! ದವಡೆ ಗಟ್ಟಿಯಾಗೈತೆ!”

ಈಗ ನಾನು ಮುದುಕ. ಒಲೆಯ ಪಕ್ಕದ ಮೂಲೆಯಲ್ಲಿ ಬೆಚ್ಚಗಿದ್ದೇನೆ. ಮನುಷ್ಯರನ್ನು ನಾನು ಕ್ಷಮಿಸಿಲ್ಲ, ಅವಳನ್ನೂ ಕ್ಷಮಿಸಿಲ್ಲ. ಅವಳೂ ಹಲ್ಲಿಗಳನ್ನು ಹೊಡೆಯುವುದು ಬಿಟ್ಟಿಲ್ಲ. ಆದರೆ ನನ್ನ ದ್ವೇಷಕ್ಕೆ ಬಾಯಿ ಬಂದದ್ದನ್ನು ಕಂಡು ಖುಷಿಪಟ್ಟವಳು ಅವಳೊಬ್ಬಳೇ. ಹಾಗಾಗಿ ಅವಳ ಬೆರಳನ್ನು ಮತ್ತೆ ಕಚ್ಚಲು ನನಗೆ ಆಗಿಲ್ಲ.