ನೇಪಾಳಕ್ಕೆ ಓಟಿನ ಕಾರ್ಡು

"ಆಧಾರ ನಡಿಯಂಗಿಲ್ಲ ಯವ್ವಾ. ಗಡಿಯಾಗ ಪಾಸ್‌ಪೋರ್ಟ್ ಕೇಳ್ತಾರ, ಇಲ್ಲಾಂದ್ರ ಓಟಿನ ಕಾರ್ಡು," ಎನ್ನುತ್ತ ಮರಿಸ್ವಾಮಿ ತಟ್ಟೆಯಿಂದ ಇನ್ನೊಂದು ಮಿರ್ಚಿ ಎತ್ತಿಕೊಂಡ.

ಗಂಗಾವತಿಯಿಂದ ಯಾತ್ರೆಯ ಬಸ್ಸು ಬಿಡುವವನು ಅವನು. ನಾಡಿದ್ದು ಬೆಳಿಗ್ಗೆ ಯಲಬುರ್ಗಾ ಸೀಮೆಯ ಮಂಗಳೂರಿನಿಂದ ಕಾಶಿ, ನೇಪಾಳಕ್ಕೆ ಹೊರಡುವ ಮಂದಿಯನ್ನೆಲ್ಲ ವಿರೂಪಾಕ್ಷಪ್ಪನ ಕಟ್ಟೆಯ ಮೇಲೆ ಕೂಡಿಸಿಕೊಂಡು ಪರದೇಶದ ಕಟ್ಟುಕಟ್ಟಳೆ ಹೇಳುತ್ತಿದ್ದ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದ. ನಮ್ಮ ಫೋನು ಹತ್ತಂಗಿಲ್ಲ. ಪಶುಪತಿನಾಥನ ಗುಡಿಯೊಳಗ ಚರ್ಮದ ಬೆಲ್ಟು, ಪಾಕೀಟು ಬಿಡಂಗಿಲ್ಲ. ಜೋಳದ ರೊಟ್ಟಿ ಕಟಿಗಿ ಹಂಗ ಒಣಗಿಸಿ ಕಟ್ಟಿಕೊಳ್ರಿ, ಅಲ್ಲಿ ಬರೇ ಅನ್ನ.

ಒಳಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ವಿರೂಪಾಕ್ಷಪ್ಪನ ಹೆಂಡತಿ ವಿರೂಪಾಕ್ಷಮ್ಮ ಅಂಗಳದ ಕಡೆ ನೋಡಿದಳು. ಮುದುಕವ್ವ ಕಟ್ಟೆಯ ಕೆಳಗೆ ನೆಲದ ಮೇಲೆ ಕುಂತಿದ್ದಳು. ಆಕೆ ಈ ಮನೆಯ ಕಸಮುಸುರೆಗೆ ಬರತೊಡಗಿ ಎಷ್ಟು ವರ್ಷವಾಯಿತೋ ಇಬ್ಬರಿಗೂ ನೆನಪಿಲ್ಲ. ಈ ಯಾತ್ರೆಯ ಆಸೆ ಹುಟ್ಟಿದ್ದೇ ಇಬ್ಬರೂ ಎದುರುಬದುರು ಕುಂತು ಮೆಣಸಿನಕಾಯಿ ತೊಟ್ಟು ಮುರಿಯುವಾಗ. "ನೀ ಬಂದ್ರ ನಾ ಹೋಗ್ತೀನಿ," ಎಂದಿದ್ದಳು ವಿರೂಪಾಕ್ಷಮ್ಮ. ಮುದುಕವ್ವ ಅಂದಿನಿಂದ ಕೂಲಿಯಲ್ಲಿ ಉಳಿಸಿ ಉಳಿಸಿ ತನ್ನ ಸೀಟಿನ ರೊಕ್ಕ ತಾನೇ ಕಟ್ಟಿದ್ದಳು.

"ಅರವತ್ತೈದು ದಾಟಿದ್ರ ಆಧಾರನ ಸಾಕಿತ್ತು ನೋಡವಾ," ಎಂದ ಮರಿಸ್ವಾಮಿ.

"ದಾಟೀನೇನೋಪ್ಪ. ಬರಕೊಂಡ ಹುಡುಗ ನನ್ನ ಮಾರಿ ನೋಡಿ ಐವತ್ತೆಂಟು ಅಂದ. ಸಣ್ಣಾಕಿ ಕಂಡೀನಿ ಅಂತ ನಾನೂ ಸುಮ್ಮನಾದೆ," ಎಂದಳು ಮುದುಕವ್ವ.

ಕಟ್ಟೆ ಪೂರಾ ನಕ್ಕಿತು.

"ನಕ್ರ ಗಡಿ ಪೊಲೀಸ್ರು ಬಿಡಂಗಿಲ್ಲ. ಓಟಿನ ಕಾರ್ಡು ಎಲ್ಲೈತಿ?"

"ಸಾವ್ಕಾರ್ರ ಹಂತ್ಯಾಕ ಐತಲ್ರಿ. ಚುನಾವಣಿಯಾಗ ಇಸಕೊಂಡಿದ್ರು."

ವಿರೂಪಾಕ್ಷಪ್ಪ ಮಿರ್ಚಿಯ ತೊಟ್ಟನ್ನು ಅಂಗಳಕ್ಕೆ ಎಸೆದು, ಎಣ್ಣೆಗೈಯನ್ನು ತೊಡೆಗೆ ಒರೆಸಿಕೊಂಡ. "ಯಾವಾಗಲೋ ಕೊಟ್ಟೀನಲ್ಲ! ಎಲ್ಲಿ ಕಳಕೊಂಡೆವಾ? ಇವರ ಹಣೆಬರಹನ ಇಷ್ಟು ನೋಡು ಮರಿಸ್ವಾಮಿ, ಕೈಯಾಗ ಕೊಟ್ಟದ್ದು ಉಳಿಯಂಗಿಲ್ಲ."

ತಡವರಿಸಲಿಲ್ಲ, ಕಣ್ಣು ಕೆಳಗೆ ಹಾಕಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಹೇಳಿಬಿಟ್ಟ. ವಿರೂಪಾಕ್ಷಮ್ಮನ ಬಾಯಿಗೆ ಹುಳಿ ಬಂತು. ಚುನಾವಣೆ ಹತ್ತಿರ ಬಂದಾಗಲೆಲ್ಲ ಗಂಡ ಕೂಲಿಯವರ ಓಣಿಯ ಕಾರ್ಡುಗಳನ್ನು ಜೋಪಾನದ ಹೆಸರಿನಲ್ಲಿ ಇಸಿದುಕೊಳ್ಳುತ್ತಾನೆ, ಮತ ಹಾಕುವ ದಿನ ಸಾಲಿಯ ಗೇಟಿನಲ್ಲಿ ಹಂಚುತ್ತಾನೆ, ಹೊರಗೆ ಬಂದವರ ಕೈಯಿಂದ ಮತ್ತೆ ಕಿತ್ತುಕೊಳ್ಳುತ್ತಾನೆ. ಆ ಗಂಟು ಅಟ್ಟದ ಮೇಲಿರುವುದು ಆಕೆಗೆ ಗೊತ್ತು.

ಗಂಡ ಕೈ ತೊಳೆಯಲು ಒಳಗೆ ಬಂದಾಗ ಆಕೆ ಅಡ್ಡ ನಿಂತಳು. "ಆಕಿ ಕಾರ್ಡು ಕೊಡ್ರಿ."

"ಒಂದು ಕೊಟ್ರ ಓಣಿ ಪೂರಾ ಬಂದು ನಿಲ್ತೈತಿ. ಮತ್ತ ಚುನಾವಣಿ ಬಂತು, ಗೊತ್ತೈತಿಲ್ಲ?"

"ಆಕಿ ರೊಕ್ಕ ಕಟ್ಯಾಳ್ರಿ. ಆಸೆ ಇಟ್ಕೊಂಡಾಳ."

"ಪಶುಪತಿನಾಥ ಏನು ಇಕಿ ದಾರಿ ಕಾಯ್ಕೋತ ಕುಂತಾನೇನು? ನಿನ್ನ ಕಾಲು ಒತ್ತಾಕ ಬ್ಯಾರೆ ಯಾರನ್ನರ ಕರಕೊಂಡು ಹೋಗೂಣು, ಬಿಡು." ಹೇಳುತ್ತಲೇ ಆಕೆಯ ಮುಖದ ಮೇಲೆ ತೇಗಿದ. ಓಮಿನಕಾಳು, ಹಳಸಿದ ಎಣ್ಣೆ, ತಂಬಾಕು. ಜೀವಮಾನವೆಲ್ಲ ಮಗ್ಗುಲಲ್ಲಿ ಮಲಗಿದ ವಾಸನೆಯೇ ಅದು. ಇವತ್ತು ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಅವನು ಕಟ್ಟೆಗೆ ಹೋಗಿ ಕೂರುವಷ್ಟರಲ್ಲಿ ಆಕೆ ನೋಯುವ ಮೊಣಕಾಲು ಊರಿ ಅಟ್ಟ ಹತ್ತಿದ್ದಳು. ಗಂಟನ್ನು ಮೊರದಲ್ಲಿ ಇಟ್ಟುಕೊಂಡು ಹೊರಗೆ ಬಂದು, ಎಲ್ಲರ ನಡುವೆ, ಮಿರ್ಚಿ ತಟ್ಟೆಯ ಪಕ್ಕದಲ್ಲೇ ಬಿಚ್ಚಿದಳು.

ಇಲಿ ಉಚ್ಚೆಯ ನಾತ ಗಪ್ಪನೆ ಎದ್ದಿತು. ಮರಿಸ್ವಾಮಿ ಮೂಗಿಗೆ ಟವೆಲ್ ಹಿಡಿದ. ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ನಡುನಡುವೆ ಹಿಕ್ಕೆ, ಜಿರಲೆಯ ರೆಕ್ಕೆ. ವಿರೂಪಾಕ್ಷಮ್ಮ ಉಗುರಿನಿಂದ ಬಿಡಿಸುತ್ತ ಹೋದಳು. ಮುದುಕವ್ವನದು ಸಿಕ್ಕಿತು. ಹೆಸರಿತ್ತು, ಒಂದು ಹೆಗಲಿತ್ತು. ಮುಖ ಇದ್ದಲ್ಲಿ ಇಲಿ ಕಡಿದ ತೂತಿತ್ತು.

"ಮಾರಿನ ಇಲ್ಲಲ್ರಿ ಅವ್ವಾರ," ಎಂದ ಮರಿಸ್ವಾಮಿ, ಎರಡು ಬೆರಳಿನಲ್ಲಿ ಎತ್ತಿ ಹಿಡಿದು. "ಗಡಿಯಾಗ ನೋಡೂದ ಮಾರಿ. ಹೊಸಾದು ಬರಾಕ ತಿಂಗಳರ ಹಿಡೀತೈತಿ. ಬಸ್ಸು ನಾಡದ್ದು."

ವಿರೂಪಾಕ್ಷಪ್ಪ ಒಂದು ಗಳಿಗೆ ಕೆಂಪಾದ, ಮರುಗಳಿಗೆ ನಕ್ಕ. "ಇಲ್ಲೇ ಇತ್ತೇನು? ಮರ್ತಿದ್ದೆ. ಕಳೀಬಾರ್ದಂತ ಜೋಪಾನ ಇಟ್ಟಿದ್ದೆ ನೋಡ್ರಿ, ಇಲಿಗೆ ನಾ ಏನು ಮಾಡ್ಲಿ?"

ಕಟ್ಟೆಯ ಮೇಲಿನ ಭಕ್ತರಲ್ಲಿ ಯಾರೋ ಕೊನೆಯ ಮಿರ್ಚಿಗೆ ಕೈ ಹಾಕಿದರು. ವಿರೂಪಾಕ್ಷಪ್ಪನ ತಮ್ಮನ ಬೀಗ ಹಾಲೇಶ ಕಡ್ಡಿಯಿಂದ ಗಂಟು ಕೆದಕುತ್ತಿದ್ದವನು, "ಏ, ವಿರುಪಣ್ಣ ಇಲ್ಲೇ ಅದಾನಲೇ! ಮುದುಕವ್ವನ ಗಂಡ! ಸತ್ತು ಆರು ವರ್ಷಾತು, ಹೋದ ಚುನಾವಣಿಗೂ ಬಂದು ಓಟು ಹಾಕಿ ಹೋಗ್ಯಾನ ಪುಣ್ಯಾತ್ಮ!" ಎಂದ.

ಮತ್ತೆ ನಗು. ವಿರೂಪಾಕ್ಷಪ್ಪನ ಹೊಟ್ಟೆ ಕುಣಿಯಿತು, ಹಲ್ಲಿನ ಸಂದಿಯಲ್ಲಿ ಹಸಿಮೆಣಸಿನ ಸಿಪ್ಪೆ ಕಾಣಿಸಿತು. ಮುದುಕವ್ವ ಕೆಳಗಿನಿಂದಲೇ ಕೈ ಚಾಚಿದಳು. "ಅದನ್ನಷ್ಟು ಕೊಡ್ರೀ ಯಪ್ಪಾ. ಅವರ್ದು ಬ್ಯಾರೆ ಫೋಟೋ ಇಲ್ಲ."

ಹಾಲೇಶ ಕಡ್ಡಿಯಿಂದಲೇ ಅದನ್ನು ಅಂಗಳಕ್ಕೆ ಚಿಮ್ಮಿದ.

"ಮರಿಸ್ವಾಮಿಯವರ, ನನ್ನ ಹೆಸರು ಹೊಡದ ಹಾಕ್ರಿ," ಎಂದಳು ವಿರೂಪಾಕ್ಷಮ್ಮ.

"ನಿಮ್ಮ ಕಾರ್ಡು ಛಲೋ ಐತಲ್ರಿ!"

"ಛಲೋ ಐತಿ. ಅದಕ್ಕ ಹೊಡದ ಹಾಕ್ರಿ."

"ಹುಚ್ಚು ಹಿಡದೈತೇನು?" ಗಂಡ ಎದ್ದು ನಿಂತ. "ಮಂದಿ ಏನಂದಾರು? ಅಷ್ಟು ದಿನ ನನ್ನ ಉಣ್ಣೂದು ತಿನ್ನೂದು ಯಾರು ನೋಡ್ಬೇಕು?"

"ಮಿರ್ಚಿ ಕಟ್ಟಿಸ್ಕೊಂಡು ಹೋಗ್ರಿ."

ಆಕೆ ಗೋಡೆ ಹಿಡಿದು ಮೆಟ್ಟಿಲಿಳಿದು, ಮುದುಕವ್ವನ ಪಕ್ಕದಲ್ಲಿ ಬರಿನೆಲದ ಮೇಲೆ ಕುಂತಳು. ಮುದುಕವ್ವ "ಅಯ್ಯ ಅವ್ವಾರ, ಮಣ್ಣು," ಎಂದು ತುಸು ಸರಿದಳು, ಅಷ್ಟೆ. ಸೆರಗಿನ ತುದಿಗೆ ಉಗುಳು ಹಚ್ಚಿ ಆಕೆ ಸತ್ತ ಗಂಡನ ಕಾರ್ಡನ್ನು ಮೆಲ್ಲಗೆ ಉಜ್ಜುತ್ತಿದ್ದಳು. ಅದು ಜಾರತೊಡಗಿದಾಗ ವಿರೂಪಾಕ್ಷಮ್ಮ ಇನ್ನೊಂದು ಮೂಲೆ ಹಿಡಿದುಕೊಂಡಳು. ಮೊದಲು ರುಮಾಲಿನ ಅಂಚು ಕಾಣಿಸಿತು. ಆಮೇಲೆ ಒಂದು ಕಿವಿ.