ಒಡೇಟ್ ಫೋನ್ ಎತ್ತಬಾರದಾಗಿದ್ದ ಹದಿನಾಲ್ಕು ದಿನ

೧
ಎಲ್ಲಿಂದ ಶುರುಮಾಡುವುದು? ಮಹಾಮಾರಿಯಿಂದ ಶುರುಮಾಡಿದರೆ ನೀವು ಪುಟ ಮಗುಚುತ್ತೀರಿ, ಆ ಕಥೆ ನಿಮಗೆ ಸಾಕಾಗಿದೆ. ಪ್ರಶ್ನಾವಳಿಯಿಂದ ಶುರುಮಾಡಿದರೆ ನಾನೇ ಮಗುಚುತ್ತೇನೆ. ಫೋನಿನಿಂದ ಶುರುಮಾಡೋಣ. ಅದು ಹೊಡೆದುಕೊಳ್ಳುತ್ತಿದೆ. ಎತ್ತುವಂತಿಲ್ಲ.

೨
(ಯಾಕೆ ಎಂದು ಹೇಳದೆ ಮುಂದೆ ಹೋದರೆ ನಮ್ಮ ಹಳೆಯ ಸುದ್ದಿ ಸಂಪಾದಕರು ಕಾಪಿಯನ್ನು ಮುಖಕ್ಕೆ ಎಸೆಯುತ್ತಿದ್ದರು.) ಊರು ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್, ೨೦೨೦ರ ನವೆಂಬರ್. ಒಡೇಟ್ ಫುರ್ತಾದು ಆಸ್ಪತ್ರೆಯೊಂದರಲ್ಲಿ ದುಭಾಷಿ. ಪೋರ್ಚುಗಲ್ಲಿನ ಅಝೋರ್ಸ್ ದ್ವೀಪಗಳಿಂದ ಬಂದು ಇಲ್ಲಿ ದುಡಿದು ಮುದುಕರಾದವರಿಗೆಂದು ಇಪ್ಪತ್ತೆರಡು ಪ್ರಶ್ನೆಗಳನ್ನು ಪೋರ್ಚುಗೀಸಿಗೆ ತಂದಿದ್ದಳು. ಸೋಂಕಿನ ಬಗ್ಗೆ ತಿಳಿದುಕೊಳ್ಳುವುದು, ತಿಳಿದಂತೆ ನಡೆಯುವುದು ನಿಮಗೆ ಎಷ್ಟು ಕಷ್ಟ, ಎಷ್ಟು ಸುಲಭ? ತನ್ನ ಚರ್ಚಿಗೆ ಬರುವ ಇಂಥ ಮೂವತ್ತು ಜನರನ್ನು ಕೇಳಬೇಕು. ಹದಿನಾಲ್ಕು ದಿನ ಬಿಟ್ಟು ಅದೇ ಮೂವತ್ತು ಜನರನ್ನು ಅದನ್ನೇ ಕೇಳಬೇಕು. ಎರಡು ಸಲದ ಉತ್ತರ ಹೊಂದಿದರೆ ಪ್ರಶ್ನಾವಳಿ ನಂಬಲರ್ಹ, ಅಂದರೆ ಪಾಸು; ಇವರ ಕಷ್ಟ ಲೆಕ್ಕಕ್ಕೆ ಬಂದು ಆರೋಗ್ಯ ಇಲಾಖೆಯ ಸೂಚನೆಗಳು ಇವರ ಭಾಷೆಯಲ್ಲಿ ಅಚ್ಚಾಗುತ್ತವೆ. ಹೊಂದದಿದ್ದರೆ ಇಂಗ್ಲಿಷೇ ಗತಿ. ನಡುವೆ ಯಾರಿಗೂ ಏನನ್ನೂ ಹೇಳಿಕೊಡಬಾರದು ಎಂದು ಈ ಅಧ್ಯಯನ ನಡೆಸುತ್ತಿದ್ದ ಬಾಸ್ಟನ್ನಿನ ಡಾಕ್ಟರ್ ವಿಟ್ಕಾಂಬ್ ಎರಡು ಸಲ ಎಚ್ಚರಿಸಿದ್ದರು. ಜನ ತಿಳಿದುಕೊಂಡುಬಿಟ್ಟರೆ ಉತ್ತರ ಬದಲಾಗುತ್ತದಲ್ಲ.

೩ (ಮೊದಲ ಕರಡು)
ಒಂಬತ್ತನೆಯ ದಿನ. ಒಡೇಟ್ ಫೋನನ್ನು ಉಣ್ಣೆಯ ಕಾಲುಚೀಲದಲ್ಲಿ ತುರುಕಿ ವಾಷಿಂಗ್ ಮಷೀನಿನೊಳಗಿಟ್ಟು ಬಾಗಿಲು ಹಾಕಿದಳು. ವಿಜ್ಞಾನ ಗೆದ್ದಿತು.

"ನಾನು ಹಾಗೆ ಮಾಡೋಳಲ್ಲ," ಎಂದಳು ಒಡೇಟ್.

ಓದುವವರಿಗೆ ಹಿಡಿಸುತ್ತದೆ ಎಂದೆ.

"ಆ ಕಡೆ ಇರೋದು ಡಿಯೊಲಿಂಡಾ ದೊಡ್ಡಮ್ಮ. ನಮ್ಮಮ್ಮನ ಪಕ್ಕದ ಮಷೀನಲ್ಲಿ ಇಪ್ಪತ್ತು ವರ್ಷ ಬಟ್ಟೆ ಹೊಲಿದೋರು. ಹರಿದುಹಾಕಿ ಅದನ್ನ."

ಹರಿದುಹಾಕಿದೆ.

೪
ಎತ್ತಿದಳು. ಡಿಯೊಲಿಂಡಾಗೆ ಎಪ್ಪತ್ತಾರು ವರ್ಷ (ಎಪ್ಪತ್ತೇಳು, ಪಾಸ್‌ಪೋರ್ಟ್ ನೋಡಿದೆ). ಗಂಡ ಎರ್ಮಿನಿಯುಗೆ ಸೂಪಿನ ರುಚಿಯೇ ಗೊತ್ತಾಗುತ್ತಿಲ್ಲವಂತೆ, ಮಂಚದಿಂದ ಕುರ್ಚಿಗೆ ಬರುವಷ್ಟರಲ್ಲಿ ಏದುಸಿರಂತೆ. ಇನ್ನೂ ಐದು ದಿನ ನಾನು ಏನೂ ಹೇಳುವಂತಿಲ್ಲ ದೊಡ್ಡಮ್ಮ ಎಂದಳು ಒಡೇಟ್.

"ಆಸ್ಪತ್ರೆಗೆ ಯಾವಾಗ ಹೋಗಬೇಕು ಅಂತ ತೀರ್ಮಾನ ಮಾಡೋದು ಸುಲಭವಾ ಅಂತ ಕೇಳಿದ್ದು ನೀನೇ ತಾನೇ? ತುಂಬಾ ಕಷ್ಟ ಅಂತ ನಾನು ಬರೆದೆ. ನೀನು ಥ್ಯಾಂಕ್ಸ್ ಹೇಳಿ ಎದ್ದುಹೋದೆ. ಪರೀಕ್ಷೆ ಮಾಡಿದ ಮೇಷ್ಟ್ರು ಸರಿ ಉತ್ತರ ಹೇಳಲ್ವೇನೇ?"

ಒಡೇಟ್ ಹೇಳಿದಳು. ಈಗಲೇ ಆಂಬುಲೆನ್ಸ್ ಕರೆಸಿ, ಎಂದು.

ಎರ್ಮಿನಿಯು ಆಸ್ಪತ್ರೆ ಸೇರಿದ ದಿನವೇ ಸಂಜೆಯೊಳಗೆ, ಒಡೇಟ್ ಉತ್ತರ ಹೇಳುತ್ತಾಳೆಂಬ ಸುದ್ದಿ ಚರ್ಚಿನ ಉಳಿದ ಇಪ್ಪತ್ತೊಂಬತ್ತು ಜನಕ್ಕೂ ಮುಟ್ಟಿತು. ಎಲ್ಲರೂ ಫೋನ್ ಮಾಡಿದರು. (ಇಪ್ಪತ್ತೆಂಟು ಜನ. ಒಬ್ಬರಿಗೆ ಕಿವಿ ಕೇಳಿಸದು, ಅವರು ಅಂಗಳಕ್ಕೇ ಬಂದರು.) ಅವಳು ಎಲ್ಲರಿಗೂ ಹೇಳಿದಳು.

೫
ಹದಿನಾಲ್ಕನೆಯ ದಿನ. ಎರ್ಮಿನಿಯು ಹಿಂದಿನ ಸಂಜೆಯಷ್ಟೇ ಮನೆಗೆ ಮರಳಿದ್ದರು. ಸೋಂಕಿನ ಮನೆಯೊಳಗೆ ಒಡೇಟ್ ಹೋಗುವಂತಿಲ್ಲವಾದ್ದರಿಂದ ಡಿಯೊಲಿಂಡಾ ಮೂರನೇ ಮಹಡಿಯ ಕಿಟಕಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸಿದರು. ಪ್ರಶ್ನಾವಳಿ ಮೇಲೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಕ ಹಾಕಿದ ಮುಖ ಹೊರಗೆ ಬಂತು.

"ಈಗೆಲ್ಲ ಸುಲಭ ಆಗಿದೆ ಕಣೇ. ಹಾಗಂತ ಬರೆದರೆ ನಿನ್ನ ಕಾಗದ ಫೇಲಾಗುತ್ತಂತಲ್ಲ? ಹಳೇದನ್ನೇ ಬರೀಲಾ? ನಾನು ಒಂದು ಮಾತು ಹೇಳಿದರೆ ಮೂವತ್ತು ಜನಾನೂ ಕಷ್ಟ ಅಂತಲೇ ಬರೀತಾರೆ."

ಒಳಗಿನಿಂದ ಎರ್ಮಿನಿಯು, ಇಳಿವಯಸ್ಸಿನಲ್ಲಿ ಸುಳ್ಳು ಬರೆಯಬೇಡ ಎಂದರು.

"ನೀವು ಉಸಿರಾಡಿ, ಅಷ್ಟು ಮಾಡಿದರೆ ಸಾಕು," ಎಂದು ಡಿಯೊಲಿಂಡಾ ಒಳಗೆ ತಿರುಗಿ ಗದರಿದರು.

ಎದುರುಮನೆಯ ಕಿಟಕಿ ತೆರೆಯಿತು. ಅದರ ಪಕ್ಕದ್ದೂ ತೆರೆಯಿತು.

೬
ಕಷ್ಟ ಎಂದು ಬರೆದರೆ ಪ್ರಶ್ನಾವಳಿ ಪಾಸು, ಸುಳ್ಳಿನ ಮೇಲೆ. ಸುಲಭ ಎಂದು ಬರೆದರೆ ಅದು ಕಸದ ಬುಟ್ಟಿಗೆ, ಜನ ತಿಳಿದುಕೊಂಡ ತಪ್ಪಿಗೆ. (ಮೂರನೆಯ ಮುಕ್ತಾಯವೊಂದಿತ್ತು. ಅದರಲ್ಲಿ ಡಾಕ್ಟರ್ ವಿಟ್ಕಾಂಬ್ ಅಳುತ್ತಾರೆ. ನಂಬಲರ್ಹವಲ್ಲ, ತೆಗೆದೆ.)

ಒಡೇಟ್ ಕಿಟಕಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಯಾವುದಾದರೂ ಒಂದು ನೀವೇ ಬರೆದುಬಿಡಿ. ಹೇಗೂ ಎಲ್ಲ ನೀವು ಕಟ್ಟಿದ ಕಥೆನೇ ಅಲ್ವಾ?"

ಕಟ್ಟಿದ್ದೇ. ಆದರೂ ಇದೊಂದಕ್ಕೆ ಕೈ ಬರಲಿಲ್ಲ. ಉತ್ತರ ಹೇಳಬೇಕಾದವಳು ಅವಳು, ಅದೂ ಮೂರನೇ ಮಹಡಿಗೆ ಕೇಳುವಷ್ಟು ಜೋರಾಗಿ, ಇಡೀ ಬೀದಿ ಕಿವಿ ನಿಮಿರಿಸಿ ನಿಂತಿರುವಾಗ.

ಅವಳು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು, ಎದೆ ತುಂಬ ಉಸಿರು ತೆಗೆದುಕೊಂಡಳು.