ಕಪ್ಪು ಒಣಗುವ ತನಕ

ಮಾವ ಡಾಂಬರಿನ ಕಪ್ಪು ಕಲಸುವ ಗಾಲಿ ಟ್ಯಾಂಕನ್ನು ಮಾರಿಬಿಟ್ಟಿದ್ದರು. ಕೊಂಡವರು ಆ ಸಂಜೆಯೇ ಬಂದು ಎಳೆದುಕೊಂಡು ಹೋಗುವವರಿದ್ದರು. ಅಷ್ಟರೊಳಗೆ ಈಜುಕೊಳದ ಪಾರ್ಕಿಂಗ್ ಜಾಗಕ್ಕೆ ಕಪ್ಪಿನ ಎರಡನೇ ಕೋಟ್ ಹಾಕಿ ಮುಗಿಸಬೇಕು. ಒಪ್ಪಿಕೊಂಡ ಕೆಲಸಗಳಲ್ಲಿ ಅದೇ ಕೊನೆಯದು.

ಬೆಳಿಗ್ಗೆ ಹೊರಡುವಾಗ ಇನ್ನೊಮ್ಮೆ ಕೇಳಿದೆ. "ಟ್ಯಾಂಕ್ ಇಟ್ಟುಕೊಳ್ಳೋಣ ಮಾವ. ನಾನು ನಡೆಸ್ತೀನಿ."

"ಇಷ್ಟು ಓದಿದವಳು ನೀನು. ಈ ಡಾಂಬರಿನ ಸಹವಾಸ ನಿನಗೆ ಯಾಕಮ್ಮ?"

"ಒಂದ್ಸಲ ಬಂದು ನನ್ನ ಕೆಲಸ ನೋಡಿ. ಆಮೇಲೆ ಬೇಡ ಅನ್ನಿ."

"ನಾನು ಬರಲ್ಲ. ನನಗೆ ಆ ವಾಸನೆ ಬೇಡ."

ಮಗ ಹೋದ ಮೇಲೆ ಅವರು ಕೆಲಸದ ಜಾಗಕ್ಕೆ ಕಾಲಿಟ್ಟಿರಲಿಲ್ಲ. ನನ್ನ ಗಂಡ ಜ್ವರವೆಂದು ಮಲಗಿದವನು ಏಳಲಿಲ್ಲ. ಉಳಿದ ಕೆಲಸಗಳನ್ನು ಯಾರಾದರೂ ಮಾಡಬೇಕಿತ್ತು, ನಾನು ಮಾಡಿದೆ. ಮನೆಯಲ್ಲಿ ಕೂತರೂ ಒಂದೇ, ಬಿಸಿಲಲ್ಲಿ ನಿಂತರೂ ಒಂದೇ ಅನ್ನಿಸುತ್ತಿದ್ದ ದಿನಗಳು. ಊಟಕ್ಕೆ ಉಪ್ಪು ಬಿದ್ದಿದೆಯೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಕಪ್ಪು ಬಳಿಯುವ ಕೋಲು ಎಳೆಯುತ್ತಾ ತಲೆಯೆತ್ತಿದೆ. ಬೂದಿ ಬಣ್ಣದ, ಬಿರುಕು ಬಿಟ್ಟ ಹಳೇ ಡಾಂಬರು ನನ್ನ ಎದುರು ಒಂದೇ ಸಮನೆ ಕಪ್ಪಾಗಿ ಮಲಗಿತ್ತು. ಇನ್ನೊಂದು ಎಳೆ ಎಳೆಯೋಣ ಅನ್ನಿಸಿತು. ಬಹಳ ದಿನಗಳ ಮೇಲೆ ನನಗೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು.

ಕೊಳಕ್ಕೆ ಆ ವಾರ ರಜೆ ಕೊಟ್ಟಿದ್ದರು. ಬಿರುಕುಗಳೊಳಗಿನ ಹುಲ್ಲು ಕಿತ್ತು, ಬಿಸಿ ಅಂಟು ತುಂಬಿ, ಗಾಡಿಗಳು ಆಯಿಲ್ ಸುರಿಸಿದ್ದ ಕಲೆಗಳನ್ನು ಉಜ್ಜಿ, ಎರಡು ದಿನದ ಹಿಂದೆಯೇ ಮೊದಲ ಕೋಟ್ ಹಾಕಿ ಆಗಿತ್ತು. ಈ ದಿನ ನಾದಿನಿ ಜೀಪಿನ ಹಿಂದೆ ಟ್ಯಾಂಕ್ ಕಟ್ಟಿಕೊಂಡು ಒಳಗೆ ತಂದು, ದೂರದ ಮೂಲೆಯಲ್ಲಿ ಪಂಪ್ ಕೋಣೆಯ ನೆರಳಿಗೆ ಬಿಚ್ಚಿಟ್ಟು, ಜೀಪನ್ನು ಮಾತ್ರ ಗೇಟಿನ ಹೊರಗೆ ನಿಲ್ಲಿಸಿದ್ದಳು. ಅವಳು ಊರ ಬಸ್ಸು ಓಡಿಸುವವಳು. ಅಣ್ಣ ಒಪ್ಪಿಕೊಂಡಿದ್ದ ಕೊನೆಯ ಕೆಲಸಕ್ಕೆಂದು ರಜೆ ಹಾಕಿ ಬಂದಿದ್ದಳು.

"ನೋಡು ಅತ್ತಿಗೆ, ಮೂಲೆಯಿಂದ ಗೇಟಿನ ತನಕ ಟ್ಯಾಂಕಿನಷ್ಟು ಅಗಲ ದಾರಿ ಬಿಟ್ಟಿರೋಣ," ಎಂದಳು. "ಸುತ್ತ ಎಲ್ಲ ಮುಗಿದ ಮೇಲೆ ಟ್ಯಾಂಕ್ ಆಚೆ. ಆಮೇಲೆ ದಾರಿ. ಅಪ್ಪ ಹಾಗೇ ಮಾಡೋದು."

"ಗೊತ್ತು ಮಾರಾಯ್ತಿ."

ಟ್ಯಾಂಕಿನೊಳಗೆ ಮರಳು ಬೆರೆಸಿದ ಕಪ್ಪು ದ್ರವ ಗೊಡಗೊಡ ತಿರುಗುತ್ತಿತ್ತು. ತಿರುಗಿಸದಿದ್ದರೆ ಮರಳು ತಳಕ್ಕೆ ಕೂರುತ್ತದೆ. ಬಕೆಟ್ಟಿಗೆ ಹಿಡಿದು, ನೆಲಕ್ಕೆ ಸುರಿದು, ರಬ್ಬರ್ ಪಟ್ಟಿಯ ಉದ್ದ ಕೋಲಿನಿಂದ ಹಿಂದಕ್ಕೆ ಎಳೆಯುತ್ತಾ ಹೋಗುವುದು. ಒಂದು ಎಳೆಯ ಅಂಚಿನ ಮೇಲೆ ಇನ್ನೊಂದು ಎಳೆ.

ಕೊಳದ ಮ್ಯಾನೇಜರು ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು, ಜಾಗದ ಸುತ್ತ ಕಟ್ಟಿದ್ದ ಹಗ್ಗದ ಆಚೆ ನಿಂತಿದ್ದರು. "ಅಲ್ಲಮ್ಮ, ಇಷ್ಟು ತೆಳ್ಳಗೆ ಹಾಕ್ತೀರಲ್ಲ. ದಪ್ಪ ಬಳಿದರೆ ಜಾಸ್ತಿ ದಿನ ಬಾಳಲ್ವಾ?"

"ದಪ್ಪ ಹಾಕಿದರೆ ಮೇಲೆ ಒಣಗುತ್ತೆ, ಒಳಗೆ ಹಸಿ ಇರುತ್ತೆ ಸಾರ್. ಆಮೇಲೆ ಸಿಪ್ಪೆ ಏಳುತ್ತೆ."

"ನನ್ನ ಹೆಂಡತಿಯ ಮುಖದ ಪೌಡರಿಗೂ ಇದನ್ನೇ ಹೇಳಬೇಕು ನೋಡಿ."

"ಹೇಳಿ ಸಾರ್," ಎಂದಳು ನಾದಿನಿ. "ಇವತ್ತೇ ಹೇಳಿ. ನಾಳೆ ನೀವು ಕೆಲಸಕ್ಕೆ ಬಂದರೆ ಬದುಕಿದ್ದೀರಿ ಅಂದ್ಕೊಳ್ತೀವಿ."

ಒಂದು ನಾಯಿ ಹಗ್ಗದ ಕೆಳಗೆ ನುಸುಳಲು ನೋಡಿತು. ಮ್ಯಾನೇಜರು ಕೊಳದಲ್ಲಿ ಯಾರೋ ಮುಳುಗುತ್ತಿದ್ದಾರೆ ಅನ್ನುವಂತೆ ಸೀಟಿ ಊದಿದರು. ನಾಯಿ ಬಂದ ದಾರಿ ಹಿಡಿಯಿತು. ಆಮೇಲೆ ಹೊರಗೆ ರಸ್ತೆಯಲ್ಲಿ ಸೈಕಲ್ ಹೋದರೂ ಊದಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೋಡೆಯ ಬದಿ, ಚರಂಡಿಯ ಬದಿ, ನಡುವಿನ ದೊಡ್ಡ ಜಾಗ ಎಲ್ಲ ಮುಗಿದು ದಾರಿಯೊಂದು ಉಳಿಯಿತು. ನನ್ನ ತೋಳು ಸೋತಿರಬೇಕಿತ್ತು, ಸೋತಿರಲಿಲ್ಲ. ಹೊಟ್ಟೆ ಹಸಿಯುತ್ತಿತ್ತು. ಹಸಿವು ಅಂದರೆ ಹೀಗಿರುತ್ತದಲ್ಲ ಎಂದು ನೆನಪಾಯಿತು.

ದಾರಿಗೆ ಬೇಕಾದಷ್ಟು ಬಕೆಟ್ ತುಂಬಿ ಉದ್ದಕ್ಕೂ ಸಾಲಾಗಿ ಇಟ್ಟೆವು. ಇನ್ನು ನಾದಿನಿ ಜೀಪ್ ತಂದು ಟ್ಯಾಂಕನ್ನು ಕಟ್ಟಿ ಎಳೆಯಬೇಕು. ಅಷ್ಟರಲ್ಲಿ ಗಾಳಿ ತಿರುಗಿತು. ತಣ್ಣಗೆ ಬೀಸಿತು. ಪಂಪ್ ಕೋಣೆಯ ತಗಡು ದಡಬಡಿಸಿತು.

"ಅತ್ತಿಗೆ, ಮೇಲೆ ನೋಡು."

ಕಟ್ಟಡದ ಹಿಂದಿನಿಂದ ಮೋಡ ಏಳುತ್ತಿತ್ತು. ಒಣಗದ ಕೋಟಿನ ಮೇಲೆ ಮಳೆ ಬಿದ್ದರೆ ಕಪ್ಪೆಲ್ಲ ಕರಗಿ ಚರಂಡಿಗೆ ಹೋಗುತ್ತದೆ. ಮುಗಿಸಿದ ಜಾಗ ಬಿಸಿಲಿನ ಕಾವಿಗೆ ಆಗಲೇ ಬಿಗಿಯುತ್ತಿತ್ತು. ಉಳಿದ ದಾರಿಗೂ ಆ ಕಾವು ಸಿಗಬೇಕು. ಈಗಲೇ ಸಿಗಬೇಕು.

"ಸುರಿ," ಎಂದೆ.

ಅವಳು ಸುರಿದಳು. ನಾನು ಎಳೆದೆ. ಇಬ್ಬರೂ ಬೆನ್ನು ಗೇಟಿನ ಕಡೆ ಮಾಡಿ ಹಿಂದೆ ಹಿಂದೆ ಬರುತ್ತಾ, ಅವಳು ಒಂದು ಬಕೆಟ್, ನಾನು ಎರಡು ಎಳೆ, ಮತ್ತೊಂದು ಬಕೆಟ್. "ಎಡಕ್ಕೆ ಎಳಿ, ಎಡಕ್ಕೆ," ಎನ್ನುತ್ತಿದ್ದಳು. "ಬಸ್ ಓಡಿಸೋಳೇ, ಮಾತು ಬಿಟ್ಟು ಸುರಿ," ಎನ್ನುತ್ತಿದ್ದೆ. ಮ್ಯಾನೇಜರು ಆಚೆಯಿಂದ "ಬಂತು, ಬಂತು" ಎಂದು ಮೋಡದ ಸುದ್ದಿ ಹೇಳುತ್ತಿದ್ದರು, ಕ್ರಿಕೆಟ್ ಕಾಮೆಂಟರಿಯ ಹಾಗೆ. ನಾನು ನಗುತ್ತಿದ್ದೆ ಎಂದು ನಾದಿನಿ ಆಮೇಲೆ ಹೇಳಿದಳು, ನನಗೆ ತಿಳಿದಿರಲಿಲ್ಲ. ಕೊನೆಯ ಎಳೆ ಗೇಟಿನ ಹೊಸ್ತಿಲಿಗೆ ಬಂದು ನಿಂತಿತು. ನಾಲ್ಕು ಹನಿ ಬಿದ್ದವು, ರಸ್ತೆಯ ಮೇಲೆ, ನಮ್ಮ ತಲೆಯ ಮೇಲೆ. ಗಾಳಿ ಇನ್ನೊಮ್ಮೆ ಬೀಸಿ ಮೋಡವನ್ನು ಆಚೆ ಬಡಾವಣೆಯ ಕಡೆ ದಬ್ಬಿತು. ಬಿಸಿಲು ಬಂತು.

ಇಡೀ ಜಾಗ ಒಂದೇ ಹಾಳೆಯ ಹಾಗೆ ಹೊಳೆಯುತ್ತಿತ್ತು. ಒಂದು ಗೆರೆ ಇಲ್ಲ, ಒಂದು ಹೆಜ್ಜೆ ಇಲ್ಲ.

ನಾದಿನಿ ಕೈ ಒರೆಸಿಕೊಳ್ಳುತ್ತಿದ್ದವಳು ತಟಕ್ಕನೆ ನಿಂತಳು. "ಅತ್ತಿಗೆ," ಎಂದಳು ಮೆಲ್ಲಗೆ. "ಟ್ಯಾಂಕ್."

ಟ್ಯಾಂಕ್ ದೂರದ ಮೂಲೆಯಲ್ಲಿ, ಕಪ್ಪು ಕೆರೆಯ ಆಚೆ ದಡದಲ್ಲಿ, ತನ್ನ ಪಾಡಿಗೆ ಗೊಡಗೊಡ ಅನ್ನುತ್ತಾ ನಿಂತಿತ್ತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಅವಳು ನೆಲಕ್ಕೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಒಂದು ದಿನ ಪೂರ್ತಿ ಒಣಗುವ ತನಕ ಅದರ ಮೇಲೆ ಗಾಡಿ ಹಾಯುವಂತಿಲ್ಲ. ಟ್ಯಾಂಕ್ ಕೊಂಡವರು ಆಗಲೇ ರಸ್ತೆಯ ತಿರುವಿನಲ್ಲಿ ಲಾರಿ ಓಡಿಸಿಕೊಂಡು ಬರುತ್ತಿದ್ದರು.

ನಾದಿನಿ ಅವರಿಗೆ ಕಪ್ಪು ಕನ್ನಡಕ ಎಂದು ಹೆಸರಿಟ್ಟಿದ್ದಳು. ಮೋಡ ಕವಿದಾಗಲೂ ಅವರು ಅದನ್ನು ತೆಗೆಯುತ್ತಿರಲಿಲ್ಲವಂತೆ. ಈಗ ತೆಗೆದರು.

"ಏನಿದು?"

"ಒಣಗಬೇಕು ಸಾರ್. ನಾಳೆ ಸಂಜೆ ತಗೊಂಡು ಹೋಗಿ."

"ನಾಳೆ ಬೆಳಿಗ್ಗೆ ನನಗೆ ಕೆಲಸ ಇದೆ. ಬೇಕೂಂತ್ಲೇ ಮಾಡಿದ್ದೀರಿ ನೀವು. ಕೊಡೋಕೆ ಇಷ್ಟ ಇಲ್ಲ ಅಂತ ನನಗೂ ಗೊತ್ತು."

"ಇಷ್ಟ ಇಲ್ಲದಿದ್ದದ್ದು ನಿಜ. ಬೇಕೂಂತ ಮಾಡಿದ್ದಲ್ಲ."

"ಇಷ್ಟು ಜಾಗ ನೀಟಾಗಿ ಬಳಿದವರಿಗೆ ಅಷ್ಟು ದೊಡ್ಡ ಟ್ಯಾಂಕ್ ಕಾಣಲಿಲ್ಲವಾ?"

ಅವರು ಮಾವನಿಗೆ ಫೋನ್ ಮಾಡಿದರು. ನಿಮ್ಮ ಸೊಸೆ ಹೀಗೆ ಮಾಡಿದ್ದಾಳೆ, ನೀವೇ ಬಂದು ನ್ಯಾಯ ಹೇಳಿ ಎಂದು ಜೋರು ಮಾಡಿದರು.

ಮಾವ ಆಟೋದಲ್ಲಿ ಬಂದರು. ಮನೆಯಲ್ಲಿ ಉಟ್ಟಿದ್ದ ಬಟ್ಟೆಯಲ್ಲೇ ಬಂದಿದ್ದರು. ಹಗ್ಗದ ಹತ್ತಿರ ನಿಂತು ಮೂಗಿಗೆ ಕೈ ತಂದರು. ಆಮೇಲೆ ಇಳಿಸಿದರು. ಅವರು ಮೆಲ್ಲಗೆ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಒಂದೇ ಕಣ್ಣಲ್ಲಿ ಉದ್ದಕ್ಕೂ ನೋಡಿದರು. ಹೀಗೆ ಓರೆಯಾಗಿ ನೋಡಿದರೆ ಎಳೆ ಎಲ್ಲಿ ಉಬ್ಬಿದೆ, ಎಲ್ಲಿ ತೆಳುವಾಗಿದೆ ಎಲ್ಲ ಬಯಲಾಗುತ್ತದೆ.

"ಇದು ಯಾರ ಕೈ?"

"ಅತ್ತಿಗೇದು," ಎಂದಳು ನಾದಿನಿ. "ನಾನು ಬರೀ ಸುರಿಯೋಳು."

"ಚರಂಡಿ ಹತ್ತಿರ ಒಂದು ಗೇಣು ಬಿಟ್ಟಿದ್ದೀಯಲ್ಲಮ್ಮ."

ನೋಡಿದೆ. ಬಿಟ್ಟಿದ್ದೆ.

"ಉಳಿದದ್ದು?" ಎಂದೆ.

ಅವರು ಎದ್ದರು. ಇನ್ನೊಂದು ಕಡೆ ಹೋಗಿ ಅಲ್ಲೂ ಬಗ್ಗಿದರು. ನನ್ನ ಗಂಡ ಕೆಲಸ ಮುಗಿಸಿದಾಗಲೆಲ್ಲ ಅವರು ಹೀಗೆ ಎರಡು ಕಡೆ ನೋಡುತ್ತಿದ್ದರು. ಕಳಪೆ ಕಂಡರೆ ಒಂದೇ ಕಡೆಗೆ ಸಾಕು ಅನ್ನುತ್ತಿದ್ದರು.

"ಯಜಮಾನರೇ, ನನ್ನ ಟ್ಯಾಂಕ್," ಎಂದರು ಕಪ್ಪು ಕನ್ನಡಕ.

"ಅಲ್ಲೇ ಇದೆಯಲ್ಲ."

"ತರೋದು ಹೇಗೆ?"

"ರೆಕ್ಕೆ ಇದ್ದರೆ ಹಾರಿ."

"ತಮಾಷೆ ಬೇಡ. ಹಸಿ ಇದ್ದರೆ ಇರಲಿ. ಎಳೆದುಕೊಂಡು ಹೋಗ್ತೀನಿ, ಆಮೇಲೆ ಇವರು ಮತ್ತೆ ಬಳಿದುಕೊಳ್ಳಲಿ," ಎನ್ನುತ್ತಾ ಅವರು ಹಗ್ಗ ಎತ್ತಿ ಒಂದು ಕಾಲು ಮುಂದಿಟ್ಟರು.

ಮ್ಯಾನೇಜರ ಸೀಟಿ ಕೂಗಿತು. ಅದಕ್ಕೂ ಮುಂಚೆ ಮಾವನ ಕೈ ಅವರ ಕಾಲರಿಗೆ ಬಿದ್ದಿತ್ತು. ಆ ವಯಸ್ಸಿನ ಕೈ ಅಷ್ಟು ಬೇಗ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಎತ್ತಿದ ಬೂಟು ಕಪ್ಪಿನ ಮೇಲೆ ಗಾಳಿಯಲ್ಲಿ ಹಾಗೇ ನಿಂತು, ಹಿಂದಕ್ಕೆ ಬಂತು.

"ಕಾಲಿಡಬೇಡಿ ಸ್ವಾಮಿ," ಎಂದರು ಮಾವ. ಜೋರಾಗಿ ಏನೂ ಹೇಳಲಿಲ್ಲ. "ನಮ್ಮ ಕೆಲಸ ಅದು."

ಕಪ್ಪು ಕನ್ನಡಕ ಕಾಲರ್ ಸರಿ ಮಾಡಿಕೊಂಡರು. "ಹಾಗಾದರೆ ನಾಳೆ ಸಂಜೆಯಾದರೂ ಕೊಡ್ತೀರೋ ಇಲ್ಲವೋ?"

ಮಾವ ಮೂಲೆಯನ್ನು ದಿಟ್ಟಿಸಿದರು. "ಟ್ಯಾಂಕಿನ ಕೆಳಗಿನ ಜಾಗಕ್ಕೆ ಎರಡನೇ ಕೋಟ್ ಬಿದ್ದಿಲ್ಲ," ಎಂದರು. "ನಾಳೆ ಅದನ್ನು ಸರಿಸಿ ಅಲ್ಲಿಗೆ ಹಾಕಬೇಕು. ಚರಂಡಿ ಹತ್ತಿರಾನೂ ಹಾಕಬೇಕು. ಟ್ಯಾಂಕ್ ಇಲ್ಲದೆ ಹೇಗೆ ಹಾಕ್ತಾಳೆ ಇವಳು?"

"ಆಮೇಲೆ?"

"ಆಮೇಲೆ ಬೇರೆ ಕೆಲಸ ಬರುತ್ತೆ."

ಅವರು ಮುಂಗಡ ನಾಳೆಯೇ ವಾಪಸ್ ಬರಬೇಕು, ಬೇರೆಯವರ ಟ್ಯಾಂಕ್ ನೋಡಿಕೊಳ್ಳುತ್ತೇನೆ ಎಂದು ಗೊಣಗುತ್ತಾ ಲಾರಿ ಹತ್ತಿದರು. ಹೋಗುವಾಗಲೂ ಮ್ಯಾನೇಜರು ಒಮ್ಮೆ ಊದಿದರು, ಸುಮ್ಮನೆ.

ಮಾವ ಇನ್ನೂ ಗೇಟಿನಲ್ಲಿ ನಿಂತು ಮೂಲೆ ನೋಡುತ್ತಿದ್ದರು. "ಅದರ ಮೋಟಾರು ತಿರುಗ್ತಾ ಇದೆಯಲ್ಲ. ರಾತ್ರಿಯಿಡೀ ಹೀಗೇ ತಿರುಗುತ್ತಾ?"

"ಡೀಸೆಲ್ ಮುಗಿದಾಗ ನಿಲ್ಲುತ್ತೆ ಮಾವ."

"ನಿಂತರೆ ಮರಳು ಕೂರುತ್ತೆ."

"ಬೆಳಿಗ್ಗೆ ನಡೆಯೋವಷ್ಟು ಒಣಗಿರುತ್ತೆ. ಕೂತಿದ್ದರೆ ಕೆರೆದು ಎಬ್ಬಿಸ್ತೀನಿ."

"ನಿನ್ನ ಒಬ್ಬಳ ಕೈಲಿ ಆಗಲ್ಲ ಅದು," ಎಂದರು. "ಉದ್ದ ಸಲಾಕೆ ಅಟ್ಟದ ಮೇಲಿದೆ. ಬೆಳಿಗ್ಗೆ ಹೊರಡುವಾಗ ನೆನಪು ಮಾಡು, ತರ್ತೀನಿ."